ಮಾವನ ಎಂಟು ಸೆಕೆಂಡು

ನಾಲ್ಕು ವರ್ಷದಿಂದ ನಮ್ಮ ಹಜಾರದಲ್ಲಿ ನಾನು ಒಂದು ಗೋಲಿಗೂ ಮನಸಾರೆ ಕಿರುಚಿಲ್ಲ. ಕಾರಣ ನಮ್ಮ ಮಾವ, ಅಪಾರಿಸಿಯೊ. ಕಣ್ಣು ಮಂಜಾಗಿ ಟೀವಿ ಅವರಿಗೆ ಬರೀ ಹಸಿರು ಬೆಳಕು. ಹಾಗಾಗಿ ಫುಟ್‌ಬಾಲ್ ಆಟದ ದಿನ ರಬ್ಬರ್ ಬ್ಯಾಂಡ್ ಸುತ್ತಿದ ಪುಟ್ಟ ರೇಡಿಯೊವನ್ನು ಕಿವಿಗೆ ಒತ್ತಿಕೊಂಡು ನಮ್ಮ ಜೊತೆಗೇ ಕೂರುತ್ತಾರೆ. ನಮ್ಮ ಸಾಲ್ತೊ ಊರಿಗೆ ಕೇಬಲ್ಲಿನ ಚಿತ್ರ ಬರುವಷ್ಟರಲ್ಲಿ ರೇಡಿಯೊ ಎಂಟು ಸೆಕೆಂಡು ಮುಂದೆ ಹೋಗಿರುತ್ತದೆ. ತೆರೆಯ ಮೇಲೆ ನಮ್ಮ ಹುಡುಗರು ಇನ್ನೂ ಮೈದಾನದ ನಡುವೆ ತಡಕಾಡುತ್ತಿರುವಾಗಲೇ ಮಾವ ಕುರ್ಚಿಯಿಂದೆದ್ದು "ಗೋಓಓಲ್!" ಎನ್ನುತ್ತಾರೆ. ಆಮೇಲೆ ನನಗೂ ನನ್ನ ಗಂಡ ವಿಲ್ಮರ್‌ಗೂ ಸಿಗುವುದು ತಂಗಳು ಗೋಲು.

ಇದರ ಮೇಲೆ ನಮ್ಮ ಕಡೆಯ ಚಹಾ, ಮಾಟೆಯ ಕಿರಿಕಿರಿ. ಮಾಟೆ ಎಲೆ ತುಂಬಿದ ಸೋರೆಬುರುಡೆಗೆ ಫ್ಲಾಸ್ಕಿನ ಬಿಸಿನೀರು ಹುಯ್ದು, ಒಬ್ಬೊಬ್ಬರಿಗೇ ಸರದಿಯಂತೆ ಕೊಡುವ ಕೆಲಸ ಮಾವನದು. ನೀರಿನ ಸದ್ದು ಕೇಳಿಯೇ ಒಂದು ಹನಿ ಚೆಲ್ಲದಂತೆ ಹುಯ್ಯುತ್ತಾರೆ. ಆದರೆ ಆಟದ ನಡುವೆ ಒಮ್ಮೊಮ್ಮೆ ಸರದಿ ತಪ್ಪಿಸಿ ಬುರುಡೆಯನ್ನು ನನ್ನ ಕಡೆ ಚಾಚಿಬಿಡುತ್ತಾರೆ.

"ಮಾವ, ಇದು ವಿಲ್ಮರ್ ಸರದಿ!"

"ಹಿಡ್ಕೊಳಮ್ಮ ಸುಮ್ನೆ. ಆರಿಹೋಗತ್ತೆ."

ವಯಸ್ಸಾಯಿತಲ್ಲ, ಮರೆವು ಎಂದುಕೊಂಡು ಗೊಣಗುತ್ತಲೇ ಹೀರುತ್ತಿದ್ದೆ.

ಈ ವರ್ಷ ವಿಲ್ಮರ್‌ಗೆ ಬೋನಸ್ ಬಂದದ್ದೇ ತಡ, ಹಜಾರಕ್ಕೆ ಹೋಮ್ ಥಿಯೇಟರ್ ಆಗಲೇಬೇಕು ಎಂದು ಕುಣಿದ. ಸ್ಪೀಕರುಗಳಿಗೆಲ್ಲ ದನಿ ಹಂಚುವ ಒಳ್ಳೆಯ ರಿಸೀವರ್ ಒಂದಿದ್ದರೆ ಮಿಕ್ಕದ್ದೆಲ್ಲ ತಾನೇ ಬರುತ್ತದಂತೆ. ನಾನೂ ತಲೆಯಾಡಿಸಿದೆ. ಆದರೆ ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಮನೆ ನಡುಗುವಂಥ ರಿಸೀವರ್ ಬಂದರೆ ಆ ರೇಡಿಯೊದ ಬಾಯಿ ಮುಚ್ಚುತ್ತದೆ, ನನ್ನ ಗೋಲು ನನಗೆ ಸಿಗುತ್ತದೆ. ಹೀಗೆ ಮೂವರೂ ಎಲ್ಬಿಯೊನ ಟೀವಿ ಅಂಗಡಿಗೆ ಹೋದೆವು.

ಎಲ್ಬಿಯೊ ಮಿರಿಮಿರಿ ಮಿಂಚುವ ಕಪ್ಪು ರಿಸೀವರಿನ ಬೆನ್ನು ತಟ್ಟಿದ. "ಇರ್ಮಕ್ಕ, ಇದು ನೋಡಿ. ಒಂಬತ್ತು ಸ್ಪೀಕರ್ ಹಾಕ್ಬೋದು. ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂದ್ರೆ ನೀವು ತಲೆ ಬಗ್ಗಿಸ್ತೀರ."

"ಒಂಬತ್ತಾ!" ಎಂದ ವಿಲ್ಮರ್. "ನಮ್ಮನೇಲಿರೋದೇ ಮೂರು ತಲೆ."

"ತಲೆಗೆ ಮೂರಾಯ್ತಲ್ಲ. ಜಗಳ ಇರಲ್ಲ," ಎಂದೆ ನಾನು.

ಮಾವ ಅಷ್ಟೂ ಹೊತ್ತು ರಿಸೀವರಿನ ಗುಂಡಿಗಳನ್ನು ಬೆರಳಲ್ಲಿ ಸವರುತ್ತಿದ್ದರು. "ಇದು ಮೀಡಿಯಂ ವೇವ್ ಹಿಡಿಯುತ್ತೇನಪ್ಪ?"

"ಅಯ್ಯೋ ಯಜಮಾನ್ರೇ, ಇದ್ರಲ್ಲಿ ಅದೆಲ್ಲ ಇಲ್ಲ. ಬೇಕಂದ್ರೆ ಅಗೋ, ಆ ಮೂಲೇಲಿರೋ ಬೂದು ಬಣ್ಣದ್ದು. ಐದೇ ಸ್ಪೀಕರು. ಟೀವಿ ಪಾಡಿಗೆ ಟೀವಿ ಓಡ್ತಿದ್ರೂ ಬೇರೆ ತಂತಿ ಎಳೆದು ಇನ್ನೊಂದು ಕಡೆ ರೇಡಿಯೊ ಹಾಕ್ಬೋದು. ಆದ್ರೆ ಒಂದು ವರ್ಷದಿಂದ ಯಾರೂ ಮೂಸಿ ನೋಡಿಲ್ಲ."

ವಿಲ್ಮರ್ ಅಪ್ಪನ ಮುಖ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಕಪ್ಪು ಬಣ್ಣದ್ದೇ ಕೊಡಿ. ಟೀವಿ ದನಿನೇ ಅಷ್ಟು ಜೋರಾಗಿ ಕೇಳ್ಸಿದ್ರೆ ಮಾವಂಗೆ ರೇಡಿಯೊ ಯಾಕೆ ಬೇಕು?"

"ಸರಿ ಕಣಮ್ಮ. ನಿಂಗೆ ಹಿಡಿಸಿದ್ದೇ ತಗೊ," ಎಂದರು ಮಾವ. ಬೆರಳು ತೆಗೆದು ಕೈಯನ್ನು ಜೇಬಿಗಿಳಿಸಿದರು.

"ಹತ್ತು ದಿನದೊಳಗೆ ಬೇಡ ಅನ್ನಿಸಿದ್ರೆ ತನ್ನಿ, ಬದಲಾಯಿಸಿಕೊಡ್ತೀನಿ," ಎಂದ ಎಲ್ಬಿಯೊ.

ಭಾನುವಾರ ಮಧ್ಯಾಹ್ನ ದೇಶದ ತಂಡದ ಆಟ. ಮಾವ ರೇಡಿಯೊವನ್ನು ತಾವೇ ಮೇಜಿನ ಡ್ರಾಯರಿಗೆ ಹಾಕಿ ಬಂದು ಕೂತರು. ಸದ್ದೆಂದರೆ ಸದ್ದು! ಜನ ನಮ್ಮ ಸೋಫಾದ ಹಿಂದೆಯೇ ನಿಂತು ಕೂಗಿದಂತಿತ್ತು. ಇಪ್ಪತ್ತನೇ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು. ನಾನು ಸೋಫಾ ಹತ್ತಿ ನಿಂತು ಕಿರುಚಿದೆ. ನಾಲ್ಕು ವರ್ಷದ ಬಾಕಿಯೆಲ್ಲ ಒಂದೇ ಉಸಿರಿಗೆ ತೀರಿತು.

"ಯಾರಮ್ಮ? ಯಾರು ಹೊಡ್ದಿದ್ದು? ಎಡಗಾಲಲ್ಲಾ, ತಲೇಲಾ?" ಮಾವ ಕೇಳುತ್ತಲೇ ಇದ್ದರು. ಟೀವಿಯವನು ಮಾತ್ರ "ನೋಡಿ, ನೋಡಿ, ಆಹಾ, ಹೇಗಿದೆ ನೋಡಿ!" ಎನ್ನುತ್ತಿದ್ದ. ನೋಡುವವರಿಗೆ ಅವನು ಇನ್ನೇನು ಹೇಳಿಯಾನು? ನಾನು ಕಿರುಚುವ ಭರದಲ್ಲಿ ಉತ್ತರ ಕೊಡಲಿಲ್ಲ.

ಎರಡನೇ ಅರ್ಧದಲ್ಲಿ ಎದುರಾಳಿಗಳು ಗೋಲು ಹೊಡೆದರು. ಅಭ್ಯಾಸಬಲದಿಂದ ಬುರುಡೆ ಹೀರಲು ನೋಡಿದರೆ ನನ್ನ ಕೈ ಖಾಲಿ. ಬುರುಡೆ ಮಾವನ ಮೊಣಕಾಲಿನ ಮೇಲಿತ್ತು. "ಏನಾಯ್ತಪ್ಪ?" ಎಂದು ಅವರು ನಮ್ಮಿಬ್ಬರ ಕಡೆ ಮುಖ ತಿರುಗಿಸುತ್ತಿದ್ದರು.

ಆಗ ನನಗೆ ಹೊಳೆಯಿತು. ನಾಲ್ಕು ವರ್ಷದಲ್ಲಿ ನಾವು ಗೋಲು ಬಿಟ್ಟುಕೊಟ್ಟಾಗಲೆಲ್ಲ ನನ್ನ ಕೈಯಲ್ಲಿ ಆಗತಾನೇ ಹುಯ್ದ ಬಿಸಿ ಮಾಟೆ ಇರುತ್ತಿತ್ತು. ನಮ್ಮ ಗೋಲನ್ನು ಮಾವ ಊರಿಗೆಲ್ಲ ಕೇಳುವಂತೆ ಮೊದಲೇ ಸಾರುತ್ತಿದ್ದರು. ಎದುರಾಳಿಗಳ ಗೋಲನ್ನು ಒಮ್ಮೆಯೂ ಮೊದಲೇ ಹೇಳಿರಲಿಲ್ಲ. ಆ ಎಂಟು ಸೆಕೆಂಡು ಅದನ್ನು ಒಬ್ಬರೇ ನುಂಗಿಕೊಂಡು ಫ್ಲಾಸ್ಕು ತಡಕುತ್ತಿದ್ದರು.

"ಮಾವ, ನೀವು ಸರದಿ ತಪ್ಸಿ ನಂಗೆ ಕೊಡ್ತಿದ್ದಿದ್ದು..."

"ಯಾವಾಗಮ್ಮ? ಮುದುಕ, ಮರೆವು."

"ಸುಳ್ಳು ಹೇಳ್ಬೇಡಿ."

ಅವರು ಬುರುಡೆಯನ್ನು ಸುಮ್ಮನೆ ತಿರುಗಿಸಿದರು. "ಸೋತ ದಿನ ನೀನು ಊಟ ಬಿಟ್ಟು ಮಲಗ್ತೀಯ. ಹೊಟ್ಟೇಲಿ ಒಂದು ಗುಟುಕು ಬಿಸಿ ಇದ್ರೆ ತಡ್ಕೊತೀಯ ಅಂತ."

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಆಟ ಹೇಗೆ ಮುಗಿಯಿತೋ ನೋಡಲಿಲ್ಲ.

ಸೋಮವಾರ ಬೆಳಿಗ್ಗೆ ಕಪ್ಪು ರಿಸೀವರನ್ನು ನಾನೇ ಹೊತ್ತುಕೊಂಡು ಹೋದೆ.

"ಏನಕ್ಕ, ಹೆಲಿಕಾಪ್ಟರ್ ಹಿಡಿಸ್ಲಿಲ್ವಾ?" ಎಂದು ಎಲ್ಬಿಯೊ ನಕ್ಕ.

"ಅದು ಇಳಿಯೋಕೆ ನಮ್ಮನೇಲಿ ಜಾಗ ಇಲ್ಲ. ಆ ಬೂದು ಬಣ್ಣದ್ದರ ಧೂಳು ಒರೆಸಿ ಕೊಡಿ."

ವಿಲ್ಮರ್ ಐದು ಸ್ಪೀಕರುಗಳನ್ನು ಕೂರಿಸಿದ. ಬೇರೆ ತಂತಿ ಎಳೆದು, ಇನ್ನೊಂದು ಪುಟ್ಟ ಸ್ಪೀಕರನ್ನು ಮಾವನ ಕುರ್ಚಿಗೆ, ಅವರ ಕಿವಿಯ ಪಕ್ಕವೇ ಕಟ್ಟಿದೆವು. ಮೀಡಿಯಂ ವೇವ್ ಗರಗರ ಎನ್ನದೆ ಸ್ಫಟಿಕದಂತೆ ಬಂತು. "ಇವನಿಗೆ ನೆಗಡಿ ಇದೆ ಅಂದ್ಕೊಂಡಿದ್ದೆ ಇಷ್ಟು ವರ್ಷ!" ಎಂದರು ಮಾವ, ರೇಡಿಯೊದವನ ಬಗ್ಗೆ.

ಮುಂದಿನ ಆಟ ನದಿಯಾಚೆಯ ನೆರೆದೇಶದವರ ಮೇಲೆ. ಅವರ ಮೇಲೆ ಸೋತರೆ ಒಂದು ವಾರ ಬೀದಿಯಲ್ಲಿ ತಲೆಯೆತ್ತುವಂತಿಲ್ಲ. ನಾವು ಒಂದು ಗೋಲು ಮುಂದಿದ್ದೆವು, ಇನ್ನು ಹತ್ತೇ ನಿಮಿಷ ಉಳಿದಿತ್ತು. ಮಾವನ ಕೈ ಫ್ಲಾಸ್ಕಿನತ್ತ ಹೋಯಿತು. ನೀರು ಹುಯ್ದು ಬುರುಡೆಯನ್ನು ನನ್ನ ಕಡೆ ಚಾಚಿದರು.

"ಅಪ್ಪಾ, ನನ್ ಸರದಿ!" ಎಂದ ವಿಲ್ಮರ್.

"ನೀವು ಸುಮ್ನಿರಿ," ಎಂದು ನಾನು ಬುರುಡೆ ಇಸಿದುಕೊಂಡೆ. ತೆರೆಯ ಮೇಲೆ ಚೆಂಡು ಇನ್ನೂ ನಮ್ಮವರ ಕಾಲಲ್ಲಿತ್ತು. ಬಿಸಿಯಾಗಿ ಎರಡು ಗುಟುಕು ಹೀರಿದೆ. ಆಮೇಲೆ ಚೆಂಡು ನಮ್ಮ ಬಲೆಗೆ ಬಿತ್ತು. ಈ ಸಲ ನೋವು ಅಷ್ಟಾಗಿ ತಾಗಲಿಲ್ಲ. ನಮ್ಮಲ್ಲಿ ಬುರುಡೆ ಹಿಂದಿರುಗಿಸುವಾಗ ಥ್ಯಾಂಕ್ಸ್ ಎಂದರೆ ಇನ್ನು ನನಗೆ ಸಾಕು ಎಂದರ್ಥ. ಅದಕ್ಕೇ ನಾನು ಏನೂ ಹೇಳದೆ ಬುರುಡೆ ಹಿಂದಕ್ಕೆ ಕೊಟ್ಟು, ಮಾವನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡೆ.

ಕೊನೆಯ ನಿಮಿಷ. ಮಾವ ಕುರ್ಚಿಯಲ್ಲಿ ನೆಟ್ಟಗಾದರು. ನಾನು ಟೀವಿ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಅವರ ಕೈ ಫ್ಲಾಸ್ಕಿನ ಕಡೆ ಹೋಗಲಿಲ್ಲ. ಎರಡೂ ಕೈ ಮೇಲೆದ್ದವು.

"ಗೋಓಓಲ್!"

ನಾನೂ ಅವರ ಹೆಗಲು ಹಿಡಿದು ಕಿರುಚಿದೆ, ಗಂಟಲು ಹರಿಯುವ ಹಾಗೆ. ತೆರೆಯ ಮೇಲೆ ಚೆಂಡು ಇನ್ನೂ ನಮ್ಮ ಗೋಲ್‌ಕೀಪರನ ಕೈಯಲ್ಲೇ ಇತ್ತು.