ಸುನ್‌ದೋಕಜ್ಜಿ ಉಸಿರು ಕಟ್ಟಿದ ದಿನ

ಸುನ್‌ದೋಕಜ್ಜಿ ಕಡಲಿಗಿಳಿದರೆ ಶಂಖಗಳು ತಾವಾಗಿಯೇ ಬಂದು ಅವಳ ಬಲೆಚೀಲದಲ್ಲಿ ಕೂರುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಆದರೆ ಕೊರಿಯಾದ ಜೇಜು ದ್ವೀಪದ ಇಡೀ ಕಡಲಿನಲ್ಲಿ ಅವಳಷ್ಟು ಹೊತ್ತು ಉಸಿರು ಕಟ್ಟಿದವರಿಲ್ಲ ಎಂಬುದನ್ನಾದರೂ ನಂಬಲೇಬೇಕು. ಅವಳು ಮುಳುಗಿದ ಮೇಲೆ ದಡದವರು ಅನ್ನ ಮಾಡಿ, ಉಂಡು, ಪಾತ್ರೆ ತೊಳೆದಿಟ್ಟರೂ ಅವಳಿನ್ನೂ ಕೆಳಗೇ!

ಅಂಥವಳ ಎದೆಯಲ್ಲಿ ಆಸ್ತಮಾ ಬಂದು ಕೂತಿತ್ತು. ಮೂರು ವರ್ಷದಿಂದ ಅವಳು ನೀರಿಗಿಳಿದಿರಲಿಲ್ಲ. ಆಚೆ ದಡದ ಆಸ್ಪತ್ರೆಯ ಡಾಕ್ಟರ್ ಬು, ಮೊಮ್ಮಗಳ ವಯಸ್ಸಿನವಳು, ತಿಂಗಳಿಗೊಮ್ಮೆ ಟ್ಯಾಬ್ಲೆಟ್ಟಿನಲ್ಲಿ ಪ್ರತ್ಯಕ್ಷಳಾಗಿ, ಉಸಿರಿನ ಬಲ ಅಳೆಯುವ ಕೊಳವೆಯನ್ನು ಅಜ್ಜಿ ಊದಿದಾಗ ಬಂದ ಅಂಕಿ ನೋಡಿ, ತಲೆಯಾಡಿಸಿ ಮಾಯವಾಗುತ್ತಿದ್ದಳು. ನಾಳೆ ಶಂಖದ ಋತು ಶುರು. ಇವತ್ತಿನ ಕರೆಯಲ್ಲಿ ಅಂಕಿ ಏರಿದ್ದರೆ ಕಡಲು; ಇಲ್ಲವಾದರೆ ಈ ವರ್ಷವೂ ಅಂಗಳವೇ ಗತಿ.

ಪಕ್ಕದ ಮನೆಯ ಓಕ್‌ಹ್ವಾ, ಹರೆಯದಿಂದಲೂ ಜೊತೆಗೆ ಮುಳುಗಿದವಳು, ಟ್ಯಾಬ್ಲೆಟ್ಟನ್ನು ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗೆ ಒರಗಿಸಿಟ್ಟಳು.

"ಏನಕ್ಕಾ, ತಲೆ ಬಾಚ್ಕೊಂಡಿದೀಯಾ? ಡಾಕ್ಟ್ರಿಗೋ, ಕಡಲಿಗೋ?"

"ಬಾಯ್ಮುಚ್ಚೇ. ನಾನಿಳಿದ್ರೆ ನಿನ್ ಚೀಲ ತುಂಬಲ್ಲ ಅಂತ ಹೆದ್ರಿಕೆ ನಿಂಗೆ."

ಕೊಳವೆ ಊದಿದ್ದಾಯಿತು. ಅಂಕಿ ಏರಿರಲಿಲ್ಲ.

"ಅಜ್ಜಿ, ನಿಜವಾಗ್ಲೂ ಇನ್ಹೇಲರ್ ತಗೊಳ್ತಿದೀರಾ?" ಎಂದಳು ಡಾಕ್ಟರ್.

"ಒಂದು ಹೊತ್ತೂ ಬಿಟ್ಟಿಲ್ಲ ಕಣಮ್ಮ!"

"ಹೇಗೆ ತಗೊಳ್ತೀರಿ, ತೋರ್ಸಿ ನೋಡೋಣ."

ಅಜ್ಜಿ ಬೆನ್ನು ನೆಟ್ಟಗೆ ಮಾಡಿದಳು. ಮೊದಲು ಎದೆ ತುಂಬಿಸಿಕೊ, ಆಮೇಲೆ ಮುಳುಗು: ಅಮ್ಮ ಕಲಿಸಿದ್ದು ಹಾಗೆ. ಅವಳು ದ್ವೀಪದ ಗಾಳಿಯನ್ನೆಲ್ಲ ಒಳಗೆಳೆದ ಸೆಳೆತಕ್ಕೆ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳು ಮನೆಯತ್ತ ವಾಲಿದವು. ಇನ್ನು ಹಿಡಿಸುವುದಿಲ್ಲ ಎಂದಾದ ಮೇಲೆ ಔಷಧಿ ಒತ್ತಿ, ತುಟಿ ಬಿಗಿದು, ಕಲ್ಲಿನಂತೆ ಕೂತಳು. ಕಣ್ಣೆದುರು ಹಸಿರು ಬೆಳಕು, ಕರಿಬಂಡೆ, ಮುಂದೆ ಮುಂದೆ ಇಳಿಯುತ್ತಿದ್ದ ಅಮ್ಮನ ಬಿಳಿ ಪಾದಗಳು...

"ಅಜ್ಜಿ? ಹಲೋ? ಛೆ, ನೆಟ್‌ವರ್ಕ್ ಹೋಯ್ತು. ಚಿತ್ರ ನಿಂತೇ ಹೋಗಿದೆ." ಡಾಕ್ಟರ್ ಕರೆ ಕತ್ತರಿಸಿ ಮತ್ತೆ ಮಾಡಿದಳು. ಅದೇ ಚಿತ್ರ.

ಓಕ್‌ಹ್ವಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೆಟ್‌ವರ್ಕ್ ಸರಿಯಾಗೇ ಇದೆ ಡಾಕ್ಟ್ರೇ! ನಿಂತಿರೋದು ನಮ್ಮಕ್ಕ!"

ಕೊನೆಗೂ ಅಜ್ಜಿ ಕೆಮ್ಮುತ್ತ ಉಸಿರು ಬಿಟ್ಟಳು. ಡಾಕ್ಟರ್ ಹಣೆ ಹಣೆ ಚಚ್ಚಿಕೊಂಡಳು. "ಎದೆ ತುಂಬಿದ ಮೇಲೆ ಔಷಧಿಗೆ ಜಾಗ ಎಲ್ಲಿದೆ ಅಜ್ಜಿ? ಎಲ್ಲಾ ಬಾಯಲ್ಲೇ ಉಳ್ಕೊಂಡಿದೆ. ಮೊದಲು ಉಸಿರು ಪೂರ್ತಿ ಬಿಡಿ. ಆಮೇಲೆ ಒತ್ತಿ, ನಿಧಾನಕ್ಕೆ ಎಳ್ಕೊಳ್ಳಿ."

"ಖಾಲಿ ಎದೇಲಿ ಯಾರಾದ್ರೂ ಮುಳುಗ್ತಾರೇನಮ್ಮ?"

"ಮುಳುಗೋದಲ್ಲ. ಮೇಲೆ ಬಂದ್ರಿ ಅನ್ಕೊಳ್ಳಿ."

ಮೇಲೆ ಬರುವುದೆಂದರೆ ಸಿಳ್ಳೆ. ನೀರಿನಿಂದ ತಲೆಯೆತ್ತಿದವಳು ಎದೆಯ ಗಾಳಿಯನ್ನೆಲ್ಲ ಸಿಳ್ಳೆ ಮಾಡಿ ಬಿಡಬೇಕು. ಅಷ್ಟೊಂದು ಸಿಳ್ಳೆಗಳ ನಡುವೆ ಅಮ್ಮ ಮಗಳದನ್ನು ಗುರುತಿಸಿ, ಬದುಕಿದ್ದಾಳೆ ಎಂದು ನಿರಾಳಳಾಗಿ ತಾನು ಮುಳುಗುತ್ತಿದ್ದಳು. ಮೂರು ವರ್ಷದಿಂದ ಮೂಲೆ ಸೇರಿದ್ದ ಆ ಸಿಳ್ಳೆಗಾಗಿ ಅಜ್ಜಿ ತುಟಿ ಚೂಪು ಮಾಡಿದಳು. ಮೊದಲು ಬರೀ ಗೊರಗೊರ. ಆಮೇಲೆ ಸಣ್ಣಗೆ, ಉದ್ದಕ್ಕೆ, ಹೊರಟೇ ಹೊರಟಿತು. ಬಂದರಿನಿಂದ ಹೊರಟಿದ್ದ ದೋಣಿ ತನ್ನನ್ನೇ ಕರೆದರೆಂದು ಹಿಂದಿರುಗಿತು.

ಓಕ್‌ಹ್ವಾ ನಗು ನಿಲ್ಲಿಸಿ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

"ನಾಳೆ ಬೇಡ ಅಜ್ಜಿ," ಎಂದಳು ಡಾಕ್ಟರ್ ಮೆತ್ತಗೆ. "ಒಂದು ತಿಂಗಳು ಹೀಗೇ ತಗೊಳ್ಳಿ. ಅಂಕಿ ಏರಿದ್ರೆ ಸೊಂಟದ ನೀರಿಗೆ ಇಳಿಯೋ ಮಾತಾಡೋಣ."

ಮರುದಿನ ಬೆಳಿಗ್ಗೆ ಹೆಂಗಸರೆಲ್ಲ ಕಡಲಿಗಿಳಿದಾಗ ಅಜ್ಜಿ ಅಂಗಳದ ಕಲ್ಲುಗೋಡೆಯ ಬಳಿ ಇನ್ಹೇಲರ್ ಹಿಡಿದು ನಿಂತಿದ್ದಳು. ಔಷಧಿಗೆ ಮುಂಚೆ ಉದ್ದನೆಯ ಸಿಳ್ಳೆಯೊಂದನ್ನು ಬಿಟ್ಟಳು. ಅಲೆಗಳ ನಡುವಿನಿಂದ ಓಕ್‌ಹ್ವಾಳ ಸಿಳ್ಳೆ ಉತ್ತರ ಕೊಟ್ಟಿತು. ಅಷ್ಟು ದೂರ ಕೇಳಿಸೀತೇ ಎನ್ನಬೇಡಿ. ಓಕ್‌ಹ್ವಾ ನಿರಾಳಳಾಗಿ ಮುಳುಗಿದ್ದನ್ನು ಅಜ್ಜಿ ಕಣ್ಣಾರೆ ಕಂಡಳು.