ಹಗುರ ಕ್ಯಾಮೆರಾ

ಮಾನ್‌ಹೀ ಎರಡೂ ಮೊಣಕೈಗಳನ್ನು ಗಾಜಿನ ಕೌಂಟರಿನ ಮೇಲೆ ಊರಿ ಆ ಪುಟ್ಟ ಕ್ಯಾಮೆರಾವನ್ನು ಹಿಡಿದಿದ್ದಳು. ಸೋಪಿನ ಡಬ್ಬಿಗಿಂತ ತುಸು ದೊಡ್ಡದು, ಅಷ್ಟೇ. ಅದರ ಬೆನ್ನಿನ ಪರದೆಯಲ್ಲಿ ಅಂಗಡಿಯ ಬಾಗಿಲು, ಬಾಗಿಲಾಚೆಯ ಗ್ಯೋದೊಂಗ್ ಗಲ್ಲಿ, ಗಲ್ಲಿಯ ಮೂಲೆಯಲ್ಲಿ ಮಾಂಡು ಎಂಬ ಚಪ್ಪಟೆ ಕಡುಬು ಬೇಯಿಸುತ್ತಿದ್ದ ಹೆಂಗಸಿನ ಕೆಂಪು ಏಪ್ರನ್, ಎಲ್ಲವೂ ಅಲುಗದೆ ನಿಂತಿದ್ದವು. ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಬಾಣಲೆಯ ಅಂಚಿನ ಎಣ್ಣೆಗುಳ್ಳೆಗಳೂ ಕಾಣುತ್ತಿದ್ದವು. ಚಳಿಗಾಲ ಕಳೆದ ಮೇಲೆ ಮೊದಲ ಸಲ ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಒಳಗಿನ ಸೆನ್ಸರ್ ನಿನ್ನ ಹಳೇ ಆನೆ ಕ್ಯಾಮೆರಾದ ಅಳತೇದೇ ಅಕ್ಕ, ಫುಲ್ ಫ್ರೇಮ್. ಮೈ ಮಾತ್ರ ಇಲಿ," ಎಂದ ಅಂಗಡಿಯ ತೇಗ್ಯು. "ಕನ್ನಡಿ ಇಲ್ಲ, ಕಣ್ಣಿಟ್ಟು ನೋಡೋ ಕಿಂಡೀನೂ ಇಲ್ಲ. ಪರದೆ ನೋಡ್ಕೊಂಡೇ ತೆಗೀಬೇಕು."

ತೇಗ್ಯು ಮತ್ತು ಮಾನ್‌ಹೀ ಚಿಕ್ಕ ವಯಸ್ಸಿನಲ್ಲಿ ಒಂದೇ ಸ್ಟುಡಿಯೋದಲ್ಲಿ ನೆಲ ಒರೆಸಿ ಕೆಲಸ ಕಲಿತವರು. ಆಮೇಲೆ ಅವನು ಕ್ಯಾಮೆರಾ ಮಾರಲು ಕೂತ, ಇವಳು ಮಕ್ಕಳ ಫೋಟೋ ಹಿಡಿದಳು. ಮಗುವಿಗೆ ವರ್ಷ ತುಂಬಿದಾಗ ಮಾಡುವ ದೋಲ್ ಹಬ್ಬವೆಂದರೆ ಕೊರಿಯಾದ ದೇಗು ಪಟ್ಟಣದ ಹೊಸ ತಾಯಂದಿರ ಬಾಯಲ್ಲಿ ಮೊದಲು ಬರುತ್ತಿದ್ದುದು ಮಾನ್‌ಹೀ ಹೆಸರು. ಅವಳೆದುರು ಮಕ್ಕಳು ಅಳುವುದಿಲ್ಲ ಎಂಬ ಮಾತಿತ್ತು. ಹುಟ್ಟುವ ಮಕ್ಕಳೇ ಕಡಿಮೆಯಾಗಿ, ನೆರೆಕೆರೆಯ ಸ್ಟುಡಿಯೋಗಳು ಒಂದೊಂದಾಗಿ ನಾಯಿ ಬೆಕ್ಕುಗಳ ಫೋಟೋಗೆ ಇಳಿದಾಗಲೂ ಅವಳು ಮಕ್ಕಳನ್ನು ಬಿಟ್ಟಿರಲಿಲ್ಲ.

ಆ ವಸಂತದಲ್ಲಿ ಕೈ ನಡುಗಲು ಶುರುವಾಯಿತು. ಮೊದಲು ಊಟದ ಕಡ್ಡಿಗಳಿಂದ ಕರಿ ಸೋಯಾಕಾಳು ಜಾರಿತು. ಆಮೇಲೆ ಸೂಪಿನ ಚಮಚ ತುಳುಕಿತು. ಇದು ಕೊಲ್ಲುವ ಕಾಯಿಲೆಯಲ್ಲ, ಹಾಗೆಂದು ಹೋಗುವ ಕಾಯಿಲೆಯೂ ಅಲ್ಲ ಎಂದು ಡಾಕ್ಟರು ಹೇಳಿದರು. ಕೊಟ್ಟ ಮಾತ್ರೆಯಿಂದ ನಿದ್ದೆ ಬರುತ್ತಿತ್ತೇ ಹೊರತು ನಡುಕ ನಿಲ್ಲಲಿಲ್ಲ. ಸಿಟಿ ಬಸ್ಸು ಓಡಿಸುವ ಗಂಡ, ಕ್ಯಾಮೆರಾ ಮೂಲೆಗಿಟ್ಟು ಪಲ್ಯ ಉಪ್ಪಿನಕಾಯಿ ಮಾರುವ ಅಂಗಡಿ ಹಾಕಿಕೊಂಡರೆ ಆಗದೇ ಎಂದು ಕೇಳಿದ. ಸೌತೆಕಾಯಿ ಹೆಚ್ಚುವುದಕ್ಕೂ ಕೈಯೇ ಬೇಕಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಗಂಡನನ್ನು ಬಿಟ್ಟರೆ ಬೇರೆ ನರಪಿಳ್ಳೆಗೂ ಅವಳು ಇದನ್ನು ಹೇಳಿರಲಿಲ್ಲ. ಹಳೆಯ ಕ್ಯಾಮೆರಾ ಭಾರ, ಅದನ್ನು ಹೊತ್ತೂ ಹೊತ್ತೂ ಕೈ ಸೋತಿದೆ, ಹಗುರವಾದದ್ದು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಹಳೆಯದು ಭಾರ ಎಂಬುದನ್ನಷ್ಟೇ ತೇಗ್ಯುವಿಗೂ ಹೇಳಿದಳು. ಅವನು ನಕ್ಕ. "ಕುಣಿಯಲಾರದವಳಿಗೆ ನೆಲ ಡೊಂಕು ಅಂತೆ. ಅದೇ ಆನೆ ಹೊತ್ಕೊಂಡು ಅರ್ಧ ಊರಿನ ಮಕ್ಕಳ ಫೋಟೋ ತೆಗೆದಿದೀಯ."

ತಮಾಷೆಗೆ ಅಂದ ಮಾತು ಅವಳಿಗೆ ಚುರುಕ್ ಎಂದಿತು. ಅವಳು ನಗಲಿಲ್ಲ. ತೇಗ್ಯು ಅವಳ ಮುಖ ನೋಡಿದ, ಆಮೇಲೆ ಗಾಜಿನ ಮೇಲೆ ಒತ್ತಿ ಕೂತಿದ್ದ ಮೊಣಕೈಗಳನ್ನು ನೋಡಿದ.

"ಅಕ್ಕ, ಕೌಂಟರ್ ಬಿಟ್ಟು ಎದ್ದು ನಿಂತು ಹಿಡಿದು ನೋಡು."

"ಯಾಕೆ? ಅಂಗಡೀಲಿ ಕವಾಯತು ಮಾಡಿಸ್ತೀಯಾ?"

"ಹಳೇದನ್ನ ಹುಬ್ಬಿಗೆ ಒತ್ತಿ ಹಿಡೀತಿದ್ದೆ. ಇದನ್ನ ಎಲ್ಲಿಗೆ ಒತ್ತುತೀಯ? ಅದಕ್ಕೆ ಹೇಳಿದೆ."

ಅವಳು ಇನ್ನೊಂದು ಚಿತ್ರ ತೆಗೆದಳು, ಕೂತಲ್ಲಿಂದಲೇ. ಅದೂ ಸ್ಪಷ್ಟವಾಗಿ ಬಂತು. ನೋಡಿದೆಯಾ ಎನ್ನುವಂತೆ ಪರದೆಯನ್ನು ಅವನ ಕಡೆ ತಿರುಗಿಸಿದಳು. ತೇಗ್ಯು ಮತ್ತೆ ಒತ್ತಾಯಿಸಲಿಲ್ಲ. ಪ್ರದರ್ಶನಕ್ಕಿಟ್ಟ ಆ ಕ್ಯಾಮೆರಾವನ್ನೇ ಚೀಲಕ್ಕೆ ಹಾಕಿ, ಶನಿವಾರದ ಕೆಲಸ ಇದರಲ್ಲೇ ಮಾಡಿ ನೋಡು, ಒಗ್ಗಿದರೆ ಬೆಲೆಯ ಮಾತು ಆಮೇಲೆ, ಒಗ್ಗದಿದ್ದರೆ ಮುಖ ತೋರಿಸಲು ನಾಚಿಕೊಳ್ಳಬೇಡ ಎಂದ.

ಶನಿವಾರದ ಕೆಲಸ ಬೇರೆ ಕೆಲಸಗಳಂತಲ್ಲ ಎಂಬುದು ಅವಳಿಗೆ ಗೊತ್ತಿತ್ತು. ನಾರೆ ಎಂಬ ಹೆಣ್ಣುಮಗಳು ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು. ಮಗ ಮಿರು ದಿನ ತುಂಬುವ ಮೊದಲೇ ಹುಟ್ಟಿದವನು. ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದ. ಎದೆಗೆ ಆಪರೇಶನ್ ಆಗಿತ್ತು. ಒಳಗೆ ಬಿಡದ ದಿನಗಳಲ್ಲಿ ನರ್ಸುಗಳು ಕಳಿಸುತ್ತಿದ್ದ ವೀಡಿಯೋದಲ್ಲೇ ತಾಯಿ ಮಗನನ್ನು ನೋಡಿದ್ದು. ಆದ್ದರಿಂದ ದೋಲ್ ಹಬ್ಬ ಮನೆಯಲ್ಲೇ, ನೆಂಟರಿಷ್ಟರಿಲ್ಲ. ಮನೆಯವರು ಯಾರೂ ಫೋನು ಹೊರತೆಗೆಯುವಂತಿಲ್ಲ, ಅವತ್ತೊಂದು ದಿನ ಮಗನನ್ನು ಎಲ್ಲರೂ ಕಣ್ಣಿಂದ ನೋಡಬೇಕು. ಫೋಟೋ ಮಾನ್‌ಹೀಯ ಜವಾಬ್ದಾರಿ. ಕರಿಯ ದೊಡ್ಡ ಯಂತ್ರ ಕಂಡರೆ ಹುಡುಗ ಉಸಿರುಗಟ್ಟುವಂತೆ ಅಳುತ್ತಾನೆ, ಚಿಕ್ಕ ಕ್ಯಾಮೆರಾ ಇದ್ದರೆ ತನ್ನಿ ಎಂದಿದ್ದಳು. ಹೊಸ ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಶಕುನ ಇನ್ನೇನು ಬೇಕು ಎಂದುಕೊಂಡಳು ಮಾನ್‌ಹೀ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಹಳೆಯದನ್ನು ಅವಳು ಮನೆಯಲ್ಲೇ ಬಿಟ್ಟು ಹೋದಳು.

ಅಪಾರ್ಟ್‌ಮೆಂಟಿನ ನಡುಮನೆಯಲ್ಲಿ ಬಾಡಿಗೆಗೆ ತಂದ ಗಿಡ್ಡ ಮೇಜು ಹಾಕಿ ಸಿಂಗರಿಸಿದ್ದರು. ಬಿಳಿ ಅಕ್ಕಿಯ ಕಡುಬಿನ ಗೋಪುರ, ದೃಷ್ಟಿ ತಾಗದಿರಲೆಂದು ಕೆಂಪು ಕಾಳಿನಲ್ಲಿ ಹೊರಳಿಸಿದ ಉಂಡೆಗಳು, ಸೇಬು. ಮಗು ಕೂರುವ ಕಡೆಯ ಸಾಲಿನಲ್ಲಿ ಅದು ಆರಿಸಿಕೊಳ್ಳಬೇಕಾದ ವಸ್ತುಗಳು. ನೋಟು ಹಿಡಿದರೆ ಸಿರಿ, ಕುಂಚ ಹಿಡಿದರೆ ವಿದ್ಯೆ, ಸುತ್ತಿಗೆ ಹಿಡಿದರೆ ನ್ಯಾಯಾಧೀಶ, ಬಿಳಿ ನೂಲಿನ ಲಡಿ ಹಿಡಿದರೆ ದೀರ್ಘಾಯುಸ್ಸು. ಬಾಡಿಗೆ ಪೆಟ್ಟಿಗೆಯಲ್ಲಿ ಬಂದಿದ್ದ ಸ್ಟೆತಾಸ್ಕೋಪನ್ನು ನಾರೆ ಆಗಲೇ ಎತ್ತಿ ಕಪಾಟಿಗೆ ಹಾಕಿದ್ದಳು. ಅದನ್ನು ಅವನು ಬೇಕಾದಷ್ಟು ನೋಡಿದ್ದಾನೆ ಎಂದಳು. ಅವಳ ಅತ್ತೆ ಯಾರೂ ನೋಡದ ಹೊತ್ತಿನಲ್ಲಿ ನೂಲಿನ ಲಡಿಯನ್ನು ಮಗುವಿಗೆ ಎಟುಕುವ ಅಂಚಿಗೆ ಸರಿಸಿದಳು, ನೋಟನ್ನು ದೂರಕ್ಕೆ ತಳ್ಳಿದಳು. ಸೊಸೆ ಕಂಡೂ ಕಾಣದವಳಂತೆ ಇದ್ದಳು.

ಪಟ್ಟೆ ತೋಳಿನ ರೇಷ್ಮೆ ಅಂಗಿಯಲ್ಲಿ ಮಿರು ಇನ್ನಷ್ಟು ಸಣ್ಣಗೆ ಕಾಣುತ್ತಿದ್ದ. ಕ್ಯಾಮೆರಾ ಕಂಡು ಹೆದರಲಿಲ್ಲ. ಒಮ್ಮೆ ನಕ್ಕೂ ಬಿಟ್ಟ. ಮಾನ್‌ಹೀ ಗೋಡೆಗೆ ಒರಗಿ ತೆಗೆದಳು, ಸೋಫಾದ ತೋಳಿಗೆ ಮೊಣಕೈ ಕೊಟ್ಟು ತೆಗೆದಳು. ಒಂದಷ್ಟು ಚೆನ್ನಾಗಿ ಬಂದವು. ಅವಳ ಮನಸ್ಸು ನಿರಾಳವಾಗುತ್ತಿತ್ತು. ಅಷ್ಟರಲ್ಲಿ ನಾರೆಯ ಗಂಡ ಮಗನನ್ನು ಎತ್ತಿ ಮೇಜಿನ ಹಿಂದೆ ಕೂರಿಸಿದ, ಆರಿಸುವ ಹೊತ್ತು ಬಂತು. ಮಗುವಿನ ಮುಖ ಕಾಣಬೇಕಾದರೆ ಕೋಣೆಯ ನಡುವೆ ಕುಕ್ಕರಗಾಲಲ್ಲಿ ಕೂರಬೇಕು. ಅಲ್ಲಿ ಗೋಡೆಯಿಲ್ಲ, ಸೋಫಾ ಇಲ್ಲ. ಕ್ಯಾಮೆರಾವನ್ನು ಮುಖದಿಂದ ದೂರ, ಗಾಳಿಯಲ್ಲಿ ಹಿಡಿಯಬೇಕು.

ಹಿಡಿದಳು. ಪರದೆಯೊಳಗೆ ಮಗು, ಕಡುಬು, ಸೇಬು ಎಲ್ಲವೂ ಕುಲುಕತೊಡಗಿದವು. ಭರಣಿಯ ಕಿಮ್ಚಿ ಉಪ್ಪಿನಕಾಯಿಯ ಮೇಲೆ ಹೇರಿದ ಕಲ್ಲಿನಂತೆ ಹಳೆಯ ಕ್ಯಾಮೆರಾ ತನ್ನ ಭಾರದಿಂದಲೇ ಅವಳ ನಡುಕವನ್ನು ಅದುಮಿಟ್ಟಿತ್ತು. ಅದು ಈಗ ತಿಳಿಯಿತು, ತಿಳಿಯಬಾರದ ಹೊತ್ತಿನಲ್ಲಿ. ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದರೆ ಎರಡೂ ಸೇರಿ ನಡುಗಿದವು.

ಮಿರು ನೋಟಿನತ್ತ ನೋಡಲಿಲ್ಲ. ಕುಂಚವನ್ನು ಮುಟ್ಟಿ ಬಿಟ್ಟ. ಆಮೇಲೆ ಎರಡೂ ಕೈಯಿಂದ ನೂಲಿನ ಲಡಿಯನ್ನು ಬಾಚಿಕೊಂಡು ಬಾಯಿಗೆ ತಂದ. ಅಜ್ಜಿ "ಹಿಡಿದ, ನನ್ನಪ್ಪ ಹಿಡಿದ" ಎನ್ನುತ್ತ ನೆಲಕ್ಕೆ ಹಣೆ ಹಚ್ಚಿದಳು. ನಾರೆಯ ಗಂಡ ಸೂರು ನೋಡಿದ, ಕಣ್ಣೀರು ಇಳಿಯದಿರಲೆಂದು. ನಾರೆ ಏನೂ ಮಾಡಲಿಲ್ಲ, ಫೋನಿಲ್ಲದ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಗನನ್ನು ನೋಡುತ್ತ ಕೂತಳು. ಮಾನ್‌ಹೀ ಗುಂಡಿ ಒತ್ತುತ್ತಲೇ ಇದ್ದಳು.

ಆಮೇಲೆ ತೆಗೆದದ್ದನ್ನು ನೋಡಿಕೊಂಡಳು. ಎಲ್ಲ ಚಿತ್ರಗಳಲ್ಲೂ ಮುಂದಿನ ಕಡುಬಿನ ಗೋಪುರ ಚುಕ್ಕಿಚುಕ್ಕಿಯೂ ಸ್ಪಷ್ಟ, ಹಿಂದಿದ್ದ ಮಗು ಮಸುಕು. ಮುಖ ಹುಡುಕಿಕೊಳ್ಳುವ ವಿದ್ಯೆ ಆ ಕ್ಯಾಮೆರಾಕ್ಕೆ ಇತ್ತು. ಆದರೆ ಪರದೆಯ ಮೇಲೆ ಬೆರಳು ಎಲ್ಲಿ ತಾಗಿದರೆ ಅದು ಅಲ್ಲಿಗೇ ನೋಡುತ್ತದೆ. ನಡುಗುವ ಹೆಬ್ಬೆರಳು ಕಡುಬನ್ನು ತೋರಿಸಿತ್ತು.

ಈ ಕಸುಬಿನವರಿಗೆಲ್ಲ ಒಂದು ಉಪಾಯ ಗೊತ್ತು. ಚಿತ್ರ ತಪ್ಪಿತೋ, ನಗುನಗುತ್ತ ಫೋಟೋಗಾಗಿ ಇನ್ನೊಂದು ಸಲ ಎಂದರಾಯಿತು. ಯಾರೂ ಬೇಡವೆನ್ನುವುದಿಲ್ಲ, ಎಷ್ಟೋ ಮಕ್ಕಳು ಹಾಗೆ ಎರಡೆರಡು ಭವಿಷ್ಯ ಆರಿಸಿಕೊಂಡಿದ್ದಾರೆ. ಮಾನ್‌ಹೀ ನಗು ತಂದುಕೊಂಡು ಅದನ್ನೇ ಹೇಳಿದಳು. ಕ್ಯಾಮೆರಾ ಬೆನ್ನ ಹಿಂದಿತ್ತು.

ಅಜ್ಜಿ ಒಪ್ಪಲಿಲ್ಲ. "ದೇವರು ಕೊಟ್ಟಿದ್ದನ್ನ ಇಸ್ಕೊಂಡಾಯ್ತು. ಎರಡನೇ ಸಲ ಕೇಳಬಾರದು."

"ಫೋಟೋಗೆ ತಾನೇ ಅತ್ತೆ," ಎಂದಳು ನಾರೆ.

ಮಗುವಿನ ಬಾಯಿಂದ ಲಡಿಯನ್ನು ಬಿಡಿಸಿ ಮತ್ತೆ ಮೇಜಿನ ಮೇಲಿಟ್ಟರು. ಕೈಗೆ ಬಂದದ್ದನ್ನು ಕಿತ್ತುಕೊಂಡರೆಂದು ಮಿರು ಮುನಿದ. ಅಂಗೈಯಿಂದ ನೂಲನ್ನು ತಳ್ಳಿಬಿಟ್ಟ. ಅದು ಮೇಜಿನಿಂದ ಬಿದ್ದು ಸೋಫಾದ ಬಳಿ ಹೋಯಿತು. ಅವನು ಮರದ ಸುತ್ತಿಗೆ ಎತ್ತಿಕೊಂಡು ಮೇಜಿಗೆ ಕುಟ್ಟತೊಡಗಿದ. ಯಾರೂ ನಗಲಿಲ್ಲ. ತಂದೆ ಬಗ್ಗಿ ಲಡಿಯನ್ನು ಎತ್ತಿ, ಅದಕ್ಕೆ ಅಂಟಿದ್ದ ಕೂದಲೆಳೆಯನ್ನು ಬಿಡಿಸುತ್ತ ನಿಂತ.

ನಾರೆಯ ಮುಖ ಬಿಳುಚಿಕೊಂಡಿತ್ತು. ಆದರೂ ಮಾತು ಗಟ್ಟಿಯಾಗಿಯೇ ಬಂತು. "ಪರವಾಗಿಲ್ಲ. ಮೊದಲನೇದೇ ನಿಜವಾದ್ದು. ಅದು ನಿಮ್ಮ ಹತ್ರ ಇದೆಯಲ್ಲ ಮೇಡಂ, ಒಂದ್ಸಲ ತೋರಿಸಿ."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಮನೆಗೆ ಹೋಗಿ ಸರಿಮಾಡಿ ಕಳಿಸುತ್ತೇನೆ ಎಂದರೆ ಇವತ್ತಿನ ಮಟ್ಟಿಗೆ ಪಾರು. ನಾಳೆ ಕ್ಯಾಮೆರಾ ಕೆಟ್ಟಿತ್ತು ಎನ್ನಬಹುದು. ಅಂಗಡಿಯದು, ತನ್ನದಲ್ಲ, ಕಾರ್ಡು ಹಾಳಾಯಿತು, ಏನು ಬೇಕಾದರೂ ಹೇಳಬಹುದು. ಹೇಳಿದರೆ ಕಸುಬು ಉಳಿಯುತ್ತದೆ. ನಿಜ ಹೇಳಿದರೆ ಸಂಜೆಯೊಳಗೆ ಊರಿನ ತಾಯಂದಿರಿಗೆಲ್ಲ ಸುದ್ದಿ ಹೋಗುತ್ತದೆ, ಮುಂದೆ ಯಾರೂ ಕರೆಯುವುದಿಲ್ಲ. ಮಾನ್‌ಹೀ ಬಾಯಿ ತೆರೆದಳು. ಆ ತಾಯಿ ಕೈಚಾಚಿಕೊಂಡು ಕಾಯುತ್ತಿದ್ದಳು.

"ಇಲ್ಲಮ್ಮ. ಬರಲಿಲ್ಲ. ನನ್ನ ಕೈ ನಡುಗುತ್ತೆ. ಗೊತ್ತಿದ್ದೂ ಬಂದೆ."

ಹೇಳಿ ಬಲಗೈಯನ್ನು ಮುಂದೆ ಹಿಡಿದಳು. ಮುಚ್ಚಿಡುವುದು ಬಿಟ್ಟ ಮೇಲೆ ಅದು ಇನ್ನೂ ಜೋರಾಗಿ ಅದುರಿತು. ನಾರೆ ಆ ಕೈಯನ್ನು ತುಂಬ ಹೊತ್ತು ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು, ಕ್ಯಾಮೆರಾ ಎತ್ತಿ ಎಸೆದಿದ್ದರೂ ಚೆನ್ನಾಗಿತ್ತು. ಮಾನ್‌ಹೀ ಅಳುತ್ತಿದ್ದಳು, ಅದು ಅವಳಿಗೇ ಗೊತ್ತಿರಲಿಲ್ಲ.

ನಾರೆ ಎದ್ದು ಗಂಡನ ಕೈಯಿಂದ ಲಡಿಯನ್ನು ತೆಗೆದುಕೊಂಡಳು. ಮಗನ ಪಕ್ಕ ಮಂಡಿಯೂರಿ ಸುತ್ತಿಗೆಯನ್ನು ಬಿಡಿಸಿದಳು. ನೂಲನ್ನು ಅವನ ಅಂಗೈಗಿಟ್ಟು, ಅವನ ಬೆರಳುಗಳನ್ನು ಮಡಚಿ, ಅದರ ಮೇಲೆ ತನ್ನ ಮುಷ್ಟಿಯನ್ನು ಬಿಗಿದಳು.

"ತೆಗೀರಿ. ನನ್ನ ಬೆರಳು ಕಾಣದ ಹಾಗೆ ತೆಗೆಯೋಕೆ ಆಗುತ್ತಾ?"

"ಆಗಲ್ಲ."

"ಹಾಗಾದ್ರೆ ಕಾಣಲಿ."

ಮಾನ್‌ಹೀ ಕ್ಯಾಮೆರಾ ಎತ್ತಿದಳು. ಮಗು ಪರದೆಯೊಳಗೆ ಬಂತು, ಹೊರಗೆ ಹೋಯಿತು, ಮತ್ತೆ ಬಂತು. ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಎತ್ತಿದರೂ ಅಷ್ಟೇ. ಕೈಬಿಟ್ಟು ಎದ್ದುಬಿಡೋಣ ಎನ್ನಿಸಿತು. ಅಜ್ಜಿ ಏನೋ ಗೊಣಗುತ್ತ, ಮಂಡಿ ಹಿಡಿದುಕೊಂಡು ಎದ್ದು ಬಂದಳು. ಮಾನ್‌ಹೀಯ ಪಕ್ಕದಲ್ಲಿ ಧೊಪ್ಪನೆ ಕೂತು ಅವಳ ಎರಡೂ ಮಣಿಕಟ್ಟುಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು. ಉಪ್ಪುನೀರಿನಲ್ಲಿ ಕೋಸು ಹಿಂಡಿ ಹಿಂಡಿ ಒರಟಾದ ಕೈಗಳು, ನೋಯುವಷ್ಟು ಬಿಗಿಯಾಗಿದ್ದವು.

"ಉಸಿರು ಕಟ್ಟಿ ಹಿಡ್ಕೋ ಮಗಳೇ," ಎಂದಳು.

ಪರದೆ ನಿಂತಿತು. ಬಿಳಿ ನೂಲು, ಅದರ ಸುತ್ತ ಪುಟ್ಟ ಬೆರಳುಗಳು, ಅವುಗಳ ಮೇಲೆ ಒತ್ತಿ ಒತ್ತಿ ಉಗುರು ಬೆಳ್ಳಗಾದ ತಾಯಿಯ ಬೆರಳುಗಳು. ಮಿರು ಕೈ ಎಳೆದುಕೊಳ್ಳಲು ನೋಡಿದ. ಮಾನ್‌ಹೀ ಗುಂಡಿ ಒತ್ತಿದಳು. ಆ ಕ್ಯಾಮೆರಾ ಸದ್ದು ಮಾಡುವುದಿಲ್ಲ. ಆಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

"ಆಯ್ತಾ?" ಎಂದು ತಂದೆ ಮೆಲ್ಲಗೆ ಕೇಳಿದ.

"ಇನ್ನೂ ಬಿಡಬೇಡಿ," ಎಂದಳು ಮಾನ್‌ಹೀ.

ನಾರೆ ಬಿಡಲಿಲ್ಲ. ಅಜ್ಜಿಯೂ ಬಿಡಲಿಲ್ಲ.