ಮರ ಬೆಳೆಯಬಾರದ ದಿಬ್ಬ

ನನ್ನ ಕೆಲಸ ಗಿಡ ಕೀಳುವುದು. ಊರಿನವರು ನನ್ನನ್ನು ಕಳೆಯಕ್ಕ ಎಂದು ಕರೆಯುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರು ತಮಾಷೆಗೆ ಸೊಪ್ಪಿನ ಕಟ್ಟನ್ನು ಚೀಲದೊಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ನಾನೂ ನಗುತ್ತೇನೆ.

ಗಣಿಯಿಂದ ತೆಗೆದ ಕಲ್ಲನ್ನು ಹಿಟ್ಟಿನಂತೆ ಅರೆದು, ಲೋಹ ಬೇರ್ಪಡಿಸಿದ ಮೇಲೆ ಬೂದು ಬಣ್ಣದ ಪುಡಿ ಉಳಿಯುತ್ತದೆ. ವರ್ಷಗಟ್ಟಲೆ ಅದನ್ನು ಒಂದೇ ಕಡೆ ಸುರಿದು ಆದದ್ದು ನಮ್ಮ ದಿಬ್ಬ. ಆ ಪುಡಿಗೆ ಗಾಳಿಯೂ ನೀರೂ ತಾಕಬಾರದು. ತಾಕಿದರೆ ಹುಳಿಯಾಗುತ್ತದೆ, ಆ ಹುಳಿ ಒಳಗಿನ ವಿಷವನ್ನೆಲ್ಲ ಕರಗಿಸಿಕೊಂಡು ಕೆಳಗಿಳಿಯುತ್ತದೆ. ಅದು ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ರೈಲು ಹಳಿಯ ಆಚೆ ಇನ್ನೊಂದು ದಿಬ್ಬವಿದೆ, ಹಿಂದಿನ ಗಣಿಯವರು ಮುಚ್ಚದೆ ಬಿಟ್ಟು ಹೋದದ್ದು. ಅದರ ಬುಡದ ತೊರೆ ತುಕ್ಕಿನ ಬಣ್ಣ, ತೊರೆಯ ಕಲ್ಲುಗಳೂ ಅದೇ ಬಣ್ಣ. ಒಂದು ಕಪ್ಪೆ ಇಲ್ಲ. ಅಲ್ಲಿದ್ದ ಮನೆಗಳವರು ಬಾಗಿಲು ಕಿಟಕಿ ಕಿತ್ತುಕೊಂಡು ಹೋಗಿದ್ದಾರೆ.

ನಮ್ಮ ದಿಬ್ಬವನ್ನು ಮುಚ್ಚಿದ್ದಾರೆ. ಪುಡಿಯ ಮೇಲೆ ಜೇಡಿಮಣ್ಣಿನ ದಪ್ಪ ಪದರ, ರೋಲರ್ ಓಡಿಸಿ ಗಟ್ಟಿ ಮಾಡಿದ್ದು. ಅದರ ಮೇಲೆ ಮರಳು, ಮರಳಿನ ಮೇಲೆ ಒಳ್ಳೆಯ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಹುಲ್ಲು ಮಾತ್ರ. ಹಕ್ಕಿ ಉದುರಿಸಿದ ಬೀಜ ಮೊಳೆತು ಮರವಾದರೆ ಬೇರು ಜೇಡಿಯನ್ನು ಸೀಳುತ್ತದೆ. ಮರ ಸತ್ತು ಬೇರು ಕೊಳೆತರೆ ಆ ಜಾಗ ಕೊಳವೆಯಾಗಿ ಉಳಿಯುತ್ತದೆ, ಮಳೆನೀರು ನೆಟ್ಟಗೆ ಪುಡಿಯೊಳಗೆ. ಅದಕ್ಕೇ ನಾನೂ ಇನ್ನಿಬ್ಬರು ಹೆಂಗಸರೂ ಉದ್ದ ಹಿಡಿಯ ಕವಲುಗೋಲು ಹಿಡಿದು ಸಾಲಾಗಿ ನಡೆಯುತ್ತ, ಗೇಣುದ್ದದ ಸಸಿಗಳನ್ನು ಬೇರುಸಹಿತ ಮೀಟಿ ತೆಗೆಯುತ್ತೇವೆ. ದಿಬ್ಬದ ಕೆಳಗೆ ಕೊಳವೆಬಾವಿ ಇದೆ. ನಮ್ಮ ಮನೆಯ ನಲ್ಲಿಗೂ ಶಾಲೆಯ ನಲ್ಲಿಗೂ ಬರುವುದು ಅದರದೇ ನೀರು.

ಇದನ್ನೆಲ್ಲ ನನಗೆ ಕಲಿಸಿದವರು ಭಾವ, ನನ್ನ ಗಂಡನ ಅಣ್ಣ. ಗಣಿ ಕಂಪನಿಯಲ್ಲಿ ಇಂಜಿನಿಯರ್. ಆ ಮುಚ್ಚಳದ ನಕ್ಷೆ ಹಾಕಿದವರು ಅವರೇ, ನನಗೆ ಈ ಕೆಲಸ ಕೊಡಿಸಿದವರೂ ಅವರೇ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಅಡುಗೆಮನೆಗೆ ಬಂದು, ನಾದಿಟ್ಟಿದ್ದ ಹಿಟ್ಟನ್ನು ಪಾತ್ರೆಯ ಬಾಯಿಗೆ ಹರಡಿ, ಪೊರಕೆ ಕಡ್ಡಿ ಚುಚ್ಚಿ ಕಿತ್ತು, ಮೇಲಿನಿಂದ ನೀರು ಹೊಯ್ದು, ಅದು ತೂತಿನಿಂದ ಕೆಳಗಿಳಿಯುವುದನ್ನು ತೋರಿಸಿದ್ದರು. ಹಿಟ್ಟು ಹಾಳಾಯಿತೆಂದು ಅತ್ತೆ ಇಬ್ಬರಿಗೂ ಸೇರಿಸಿ ಬೈದಿದ್ದರು.

ಗಣಿ ಈಗ ನಿಂತಿದೆ. ಹುಲ್ಲಿನ ದಿಬ್ಬವಾಗಿ ಇರುವಷ್ಟು ಕಾಲ ಅದನ್ನು ನೋಡಿಕೊಳ್ಳುವ ಹೊಣೆ ಕಂಪನಿಯದು. ಅದೇ ದಿಬ್ಬ ಕಾಡಾಯಿತು ಎಂದು ತೋರಿಸಿ ಊರಿಗೆ ಒಪ್ಪಿಸಿದರೆ ಅವರು ಕೈತೊಳೆದುಕೊಂಡು ಹೊರಡಬಹುದು. ಹಾಗೆ ಮಾಡಲು ಹೊರಟಿದ್ದಾರೆಂದು ನನಗೆ ಮೊದಲು ಸುಳಿವು ಸಿಕ್ಕಿದ್ದು ಆಫೀಸಿನಿಂದಲ್ಲ, ನನ್ನ ಮಗಳಿಂದ.

ಪುಟ್ಟಿ ನಮಗೆ ಒಬ್ಬಳೇ. ಒಡೆದ ಬಕೆಟ್ಟಿನಲ್ಲಿ ಒಂದು ಸಸಿ ಬೆಳೆಸಿದ್ದಳು, ಅದಕ್ಕೆ ತಮ್ಮ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಎದ್ದು ಅದರ ಪಕ್ಕ ನಿಂತು ಎತ್ತರ ನೋಡುವಳು, ಎಲೆ ಬಾಡಿದರೆ ನೀರು ಕುಡಿಯಲಿಲ್ಲವೆಂದು ಗದರಿಸುವಳು. ಅವಳು ಕುಣಿಯುತ್ತ ಬಂದು, ಶಾಲೆಯ ಮಕ್ಕಳೆಲ್ಲ ದಿಬ್ಬದ ಮೇಲೆ ಗಿಡ ನೆಡಬೇಕಂತೆ, ಕಂಪನಿಯ ದೊಡ್ಡ ಸಾಹೇಬರು ಬರುತ್ತಾರಂತೆ, ತಾನು ತಮ್ಮನನ್ನು ಕೊಡುತ್ತೇನೆ ಎಂದಳು. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಕೈಯಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ಭಾವನನ್ನು ಕೇಳಿದೆ. ಅವರು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮೇಲಿನವರ ತೀರ್ಮಾನ ಎಂದರು. ಊರಿಗೂ ಹಸಿರು ಬೇಕಲ್ಲ ಎಂದರು. ಹಾಗಾದರೆ ಜೇಡಿಯ ಗತಿ ಏನು ಎಂದೆ.

“ಬೇರು ಅಲ್ಲಿಗಿಳಿಯೋಕೆ ಹದಿನೈದು ವರ್ಷ ಬೇಕಮ್ಮ. ಅಷ್ಟೊತ್ತಿಗೆ ನಾನೆಲ್ಲೋ, ಕಂಪನಿ ಎಲ್ಲೋ.”

“ಪುಟ್ಟಿ ಇಲ್ಲೇ ಇರ್ತಾಳಲ್ಲ, ಭಾವ.”

ನನ್ನ ಗಂಡ ಲೋಟ ಸರಿಸಿ ಸದ್ದು ಮಾಡಿದರು. ಅವರ ಮಟ್ಟಿಗೆ ಅದು ದೊಡ್ಡ ಜಗಳ. ಅತ್ತೆ ಮಾತ್ರ ಸುಮ್ಮನಿರಲಿಲ್ಲ. ಕೆಲಸ ಕೊಡಿಸಿದವನಿಗೇ ಪಾಠ ಹೇಳುವ ಸೊಸೆಯನ್ನು ಇವತ್ತೇ ಕಂಡದ್ದು ಎಂದರು.

ನನಗೆ ಸಿಟ್ಟು ಬರುವುದು ಕಡಿಮೆ. ಹಾಲು ಉಕ್ಕಿ ಚೆಲ್ಲಿದರೆ ಒಲೆ ಆರಿಸಿ ಒರೆಸುವವಳು ನಾನು. ಆದರೆ ಆ ದಿನ ಎದೆಯಲ್ಲಿ ಹತ್ತಿದ ಕಿಚ್ಚು ಪಾತ್ರೆ ತೊಳೆದರೂ ಆರಲಿಲ್ಲ, ಹಾಸಿಗೆ ಹಾಸಿದರೂ ಆರಲಿಲ್ಲ. ತಿಳಿಯದೆ ಮಾಡುವವರಿಗೆ ತಿಳಿಸಿ ಹೇಳಬಹುದು. ತಿಳಿದೂ ತಿಳಿದೂ ಮಾಡುವವರಿಗೆ, ಅದೂ ನಾನು ಬಡಿಸಿದ್ದನ್ನೇ ಉಂಡು, ನನ್ನ ಮಗಳು ಕುಡಿಯುವ ನೀರನ್ನೇ ಕುಡಿದು ಮಾಡುವವರಿಗೆ ಏನು ಹೇಳುವುದು?

ಮರುದಿನ ಶಾಲೆಗೆ ಹೋದೆ. ಹೆಡ್‌ಮೇಡಂ ನಯವಾಗಿಯೇ ಮಾತಾಡಿದರು. ಸೋರುತ್ತಿದ್ದ ಮಾಡು ಸರಿಮಾಡಿಸಿಕೊಟ್ಟದ್ದು ಕಂಪನಿ, ಗಿಡ ನೆಟ್ಟು ಕೆಟ್ಟವರನ್ನು ತಾನು ಕಂಡಿಲ್ಲ ಎಂದರು. ನಲ್ಲಿಯ ಹತ್ತಿರ ಸಿಕ್ಕ ತಾಯಂದಿರಿಗೆ ಹೇಳಿದೆ. ಒಬ್ಬಳು, ಅಲ್ಲೆಲ್ಲ ಮರ ಬೆಳೆದರೆ ನಿನ್ನ ಕೂಲಿ ಹೋಗುತ್ತದೆ ಅಂತ ತಾನೆ ನಿನ್ನ ಸಂಕಟ ಎಂದು ಕೊಡ ಎತ್ತಿಕೊಂಡಳು. ಮೇಸ್ತ್ರಿ ನಮ್ಮ ಮೂವರನ್ನೂ ಗುಂಡಿ ತೋಡಲು ಕರೆದ. ನಾನು ಒಲ್ಲೆ ಎಂದೆ. ಅವನು ಹೊರಗಿನಿಂದ ಆಳು ಕರೆಸಿದ.

ಗಿಡ ನೆಡುವ ದಿನ ಬೆಳಿಗ್ಗೆ ಪುಟ್ಟಿಯ ತಲೆ ಬಾಚುತ್ತ, ತಮ್ಮನನ್ನು ಮನೆಯಲ್ಲೇ ಬಿಡು ಎಂದೆ. ಜೇಡಿಯ ವಿಷಯ, ನೀರಿನ ವಿಷಯ ಬಿಡಿಸಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ತಮ್ಮ ತೂತು ಮಾಡಲ್ಲಮ್ಮ. ನಾನು ಅವನಿಗೆ ಹೇಳಿದೀನಿ.”

ಬಾಚಣಿಗೆ ಕೆಳಗಿಟ್ಟೆ. ಕವಲುಗೋಲು ತೆಗೆದುಕೊಂಡು ಕೆಲಸಕ್ಕೆ ಹೋದೆ.

ದಿಬ್ಬದ ಮೇಲೆ ಟೆಂಟು ಹಾಕಿದ್ದರು. ದೊಡ್ಡ ಸಾಹೇಬರು ಕೆಂಪು ರಿಬ್ಬನ್ ಕಟ್ಟಿದ ಸಸಿಯೊಂದನ್ನು ನೆಟ್ಟು ಕ್ಯಾಮೆರಾದತ್ತ ನೋಡಿದರು. ಮಕ್ಕಳು ಗುಂಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ತಮ್ಮ ತಮ್ಮ ಸಸಿ ನೆಟ್ಟರು. ಪುಟ್ಟಿ ಮೂರನೇ ಸಾಲಿನಲ್ಲಿದ್ದಳು. ಬುಡದ ಮಣ್ಣನ್ನು ಎರಡೂ ಕೈಯಿಂದ ತಟ್ಟಿ, ಬಗ್ಗಿ ಗಿಡದ ಕಿವಿಯಲ್ಲೇನೋ ಎಂಬಂತೆ ಪಿಸುಗುಟ್ಟಿದಳು. ಆಮೇಲೆ ದೊಡ್ಡವರು ಟೆಂಟಿನಡಿ ತಂಪು ಪಾನೀಯ ಕುಡಿಯಲು ಕೂತರು. ಭಾಷಣಕ್ಕೆ ಮೈಕು ಸಿದ್ಧವಾಗುತ್ತಿತ್ತು.

ಮರದ ಸಸಿ ಕಂಡರೆ ಕೀಳಬೇಕು ಎಂದು ನನಗೆ ಕೊಟ್ಟಿದ್ದ ಆಜ್ಞೆಯನ್ನು ಯಾರೂ ಇನ್ನೂ ರದ್ದು ಮಾಡಿರಲಿಲ್ಲ. ನಾನು ಮೂರನೇ ಸಾಲಿಗೆ ನಡೆದೆ. ಬೇರೆಯವರ ಮಗುವಿನದನ್ನು ಮೊದಲು ಕೀಳುವ ಮುಖ ನನಗಿರಲಿಲ್ಲ. ಕವಲನ್ನು ತಮ್ಮನ ಬುಡಕ್ಕೆ ಕೊಟ್ಟು ಮೀಟಿದೆ. ಆಗ ತಾನೇ ನೆಟ್ಟದ್ದು, ಹಗುರವಾಗಿ ಬಂತು.

ಪುಟ್ಟಿ ಕೂಗಿದ ಕೂಗು ಟೆಂಟಿನ ತನಕ ಹೋಯಿತು. ಓಡಿ ಬಂದು ಗಿಡ ಕಸಿದುಕೊಂಡು ಎದೆಗೊತ್ತಿಕೊಂಡಳು. ಸಮವಸ್ತ್ರದ ತುಂಬ ಮಣ್ಣು. ಮಕ್ಕಳ ಜೊತೆ ಬಂದಿದ್ದ ಹೆಂಗಸರು ಎದ್ದು ಬಂದರು. ತಾಯಿಯಾ ಇವಳು ಎಂದಳೊಬ್ಬಳು. ಮೇಸ್ತ್ರಿ ನನ್ನ ಕೋಲಿಗೆ ಕೈ ಹಾಕಿದ, ನಾನು ಬಿಡಲಿಲ್ಲ. ಭಾವ ಬಂದು, ಎಲ್ಲರಿಗೂ ಕೇಳುವ ಹಾಗೆ, ಇವಳಿಗೆ ನಾಲ್ಕು ದಿನದಿಂದ ಮೈ ಸರಿಯಿಲ್ಲ, ಕೆಳಗೆ ಕರೆದುಕೊಂಡು ಹೋಗಿ ಎಂದರು.

ಅಷ್ಟರಲ್ಲಿ ಪುಟ್ಟಿ ಬಿಕ್ಕುತ್ತಲೇ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಅವಳ ಮುಖದಲ್ಲಿ ಕಂಡಿರಲಿಲ್ಲ. ಕೈ ಚಾಚಿ ರಿಬ್ಬನ್ ಕಟ್ಟಿದ ಸಸಿ ತೋರಿಸಿದಳು.

“ನನ್ನದು ಕಿತ್ತೆಯಲ್ಲ, ಅದನ್ನೂ ಕೀಳು. ಎಲ್ಲದನ್ನೂ ಕೀಳು.”

ಸರಿ ಎಂದೆ. ಅತ್ತ ನಡೆದೆ. ಭಾವ ಬೇಗ ಬೇಗ ಬಂದು ಸಸಿಗೂ ನನಗೂ ನಡುವೆ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಇಸ್ತ್ರಿ ಮಾಡಿಕೊಟ್ಟವಳು ನಾನೇ. ಹಣೆಯಲ್ಲಿ ಬೆವರು. ಸುತ್ತ ಜನ, ಹಿಂದೆ ಸಾಹೇಬರು.

“ಮರ ಬೆಳೆದರೆ ಏನೂ ಆಗಲ್ಲ ಅಂತ ಹೇಳಿ, ಭಾವ. ಪುಟ್ಟಿ ಮುಖ ನೋಡಿ ಹೇಳಿ. ಕೋಲು ಇಲ್ಲೇ ಬಿಟ್ಟು ಮನೆಗೆ ಹೋಗ್ತೀನಿ.”

ಅವರು ಪುಟ್ಟಿಯ ಕಡೆ ನೋಡಲಿಲ್ಲ. ನೀರಿನ ಟ್ಯಾಂಕರ್ ಓಡಿಸುವವನು, ಅವನ ಮಗನೂ ಪುಟ್ಟಿಯ ತರಗತಿಯವನೇ, ಮುಂದೆ ಬಂದ.

“ಹೇಳಿ ಸಾರ್. ಅಷ್ಟೇ ತಾನೆ ಕೇಳ್ತಿರೋದು ಅಕ್ಕ. ಏನೂ ಆಗಲ್ಲ ಅಂದ್ಬಿಡಿ.”

ಭಾವ ಕಾಲು ಸರಿಸಿದರು. ಹೆಚ್ಚೇನಲ್ಲ, ನನ್ನ ಕವಲು ತೂರುವಷ್ಟು ಜಾಗ. ನಾನು ರಿಬ್ಬನ್ ಸಮೇತ ಸಸಿಯನ್ನು ಮೀಟಿ ತೆಗೆದು ಹುಲ್ಲಿನ ಮೇಲೆ ಮಲಗಿಸಿದೆ. ಮೈಕಿನಲ್ಲಿ ಯಾರೋ ಕಾರ್ಯಕ್ರಮ ಮುಗಿಯಿತು ಎಂದರು. ಯಾರೂ ಹೊರಡಲಿಲ್ಲ. ಟ್ಯಾಂಕರಿನವನು ಯಾಕೆ ಸಾರ್ ಹೇಳಲಿಲ್ಲ, ಯಾಕೆ ಹೇಳಲಿಲ್ಲ ಎಂದು ಒಂದೇ ಮಾತನ್ನು ಕೇಳುತ್ತಲೇ ಇದ್ದ. ಕೊಡ ಎತ್ತಿಕೊಂಡು ಹೋಗಿದ್ದವಳೂ ಅವನ ಪಕ್ಕ ಬಂದು ನಿಂತಳು. ಕೊನೆಗೆ ಭಾವ, ತಗ್ಗಿದ ದನಿಯಲ್ಲಿ, ಜೇಡಿಮಣ್ಣು ಎಂದು ಶುರು ಮಾಡಿದರು.

ಕೇಳುತ್ತ ನಿಲ್ಲಲು ನನಗೆ ಮನಸ್ಸಿರಲಿಲ್ಲ. ನನ್ನ ಸಿಟ್ಟು ಅವರ ಒಂದು ಮಾತಿಗೆ ಇಳಿಯುವಂಥದ್ದಲ್ಲ. ಮೊದಲ ಸಾಲಿಗೆ ಹೋಗಿ, ಬೇರು ಹರಿಯದ ಹಾಗೆ, ಒಂದೊಂದೇ ಸಸಿ ಎತ್ತಿ ಬದಿಗಿಡತೊಡಗಿದೆ. ಪುಟ್ಟಿ ತಮ್ಮನನ್ನು ಅಪ್ಪಿಕೊಂಡು ಸ್ವಲ್ಪ ದೂರದಲ್ಲಿ ಹಿಂದೆ ಹಿಂದೆ ಬರುತ್ತಿದ್ದಳು. ಒಂದೂ ಬಿಟ್ಟುಹೋಗದಂತೆ ನೋಡುತ್ತಿದ್ದಳು.